ಬಂದ ಕಾರಣ, ಉಳಿದ ಕಾರಣ: ಆತ್ಮರಕ್ಷಣಾ ತರಗತಿಯಲ್ಲಿ ಪ್ರಶಿಕ್ಷಣಾರ್ಥಿ ಗಮನಿಸಬೇಕಾದುದು

ನಮ್ಮ ಪ್ರಶಿಕ್ಷಣಾರ್ಥಿಗಳು ಇಂಟರ್ನ್‌ಶಿಪ್‌ಗೆ ಹೋಗುವ ಸರ್ಕಾರಿ ಶಾಲೆಗಳಲ್ಲಿ ಹೆಣ್ಣುಮಕ್ಕಳ ಆತ್ಮರಕ್ಷಣಾ ತರಬೇತಿ ಈಗ ಹೊಸದೇನಲ್ಲ. ಸಮಗ್ರ ಶಿಕ್ಷಣ ಯೋಜನೆಯಡಿ, ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ, 6ರಿಂದ 12ನೇ ತರಗತಿಯ ಬಾಲಕಿಯರಿಗೆ 3 ತಿಂಗಳ ತರಬೇತಿ ಕೊಡಲು ಅವಕಾಶವಿದೆ. ಹೊರಗಿನ ತರಬೇತುದಾರರು ಬಂದು ಕರಾಟೆಯ ಕೆಲವು ವರಸೆಗಳನ್ನು ಕಲಿಸಿ ಹೋಗುತ್ತಾರೆ. ಮೈದಾನದ ಅಂಚಿನಲ್ಲಿ ಹಾಜರಿ ಪುಸ್ತಕ ಹಿಡಿದು ನಿಲ್ಲುವ ಕೆಲಸ ಅನೇಕ ಸಲ ನಮ್ಮ ಪ್ರಶಿಕ್ಷಣಾರ್ಥಿಗಳ ಪಾಲಿಗೆ ಬರುತ್ತದೆ. ತಮ್ಮ ವಿಷಯಕ್ಕೂ ಆ ತರಗತಿಗೂ ಸಂಬಂಧವಿಲ್ಲ ಎಂದು ಅವರು ತಿಳಿಯುವುದುಂಟು. ಆದರೆ ಪ್ರೇರಣೆಯ ಬಗ್ಗೆ ಮನೋವಿಜ್ಞಾನದಲ್ಲಿ ಓದಿದ್ದನ್ನು ಕಣ್ಣಾರೆ ನೋಡಲು ಆ ಮೈದಾನ ಒಳ್ಳೆಯ ಜಾಗ. ಏನನ್ನು ನೋಡಬೇಕು, ನೋಡಿದ ಮೇಲೆ ಏನು ಮಾಡಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಸಮರಕಲೆಯನ್ನು ಒಬ್ಬರು ಏಕೆ ಅಭ್ಯಾಸ ಮಾಡುತ್ತಾರೆ? ಈ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಮೊದಲ ದಿನ ಏಕೆ ಬಂದರು ಎಂಬುದು ಒಂದು. ವರ್ಷವಾದರೂ ಏಕೆ ಬಿಡಲಿಲ್ಲ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಆಗಿರಬೇಕಾಗಿಲ್ಲ.

ನಾನು ಕರಾಟೆ ತರಗತಿಗೆ ಸೇರಿದಾಗ ನನಗೆ 34 ವರ್ಷ. ಆಗ ಹಾವೇರಿಯಲ್ಲಿ ಕೆಲಸ. ರಾಣೆಬೆನ್ನೂರಿಗೆ ಮರಳುವಾಗ ರಾತ್ರಿಯಾಗುತ್ತಿತ್ತು. ಬಸ್ ನಿಲ್ದಾಣದಿಂದ ಮನೆಯವರೆಗೆ ಒಬ್ಬಳೇ ನಡೆಯಲು ಹೆದರಿಕೆ. ನಾನು ಸೇರಿದ್ದು ಆ ಹೆದರಿಕೆಯಿಂದ. ಮರುವರ್ಷ ಕೆಲಸ ರಾಣೆಬೆನ್ನೂರಿಗೇ ಬಂತು, ರಾತ್ರಿಯ ಪ್ರಯಾಣ ನಿಂತಿತು. ಬಂದ ಕಾರಣ ಮುಗಿದಿತ್ತು, ಆದರೂ ಅಭ್ಯಾಸ ಬಿಡಲು ಮನಸ್ಸಾಗಲಿಲ್ಲ. ಯೋಚಿಸಿದಾಗ ಮೂರು ಕಾರಣಗಳು ಕಂಡವು. ಕಳೆದ ತಿಂಗಳು ಆಗದಿದ್ದ ಒದೆತ ಈ ತಿಂಗಳು ಆಗುತ್ತದೆ, ಅದು ಬೇರೆಯವರು ಹೇಳದೆಯೇ ಮೈಗೆ ಗೊತ್ತಾಗುತ್ತದೆ. ಜೊತೆಗೆ ಅಭ್ಯಾಸ ಮಾಡುವವರ ಸ್ನೇಹ ಸಿಗುತ್ತದೆ. ಮೂರನೆಯದು ನಮ್ಮ ವೃತ್ತಿಗೆ ಸೇರಿದ್ದು. ಬಿಳಿ ಬೆಲ್ಟ್ ಕಟ್ಟಿಕೊಂಡು ಆರನೇ ತರಗತಿಯ ಮಕ್ಕಳ ಸಾಲಿನ ಕೊನೆಗೆ ನಿಂತಾಗ, ಎಡ ಯಾವುದು ಬಲ ಯಾವುದು ಎಂದು ತಬ್ಬಿಬ್ಬಾಗುವ ಮಗುವಿನ ಕಷ್ಟ ಏನೆಂದು ತಿಳಿಯಿತು. ದಿನವಿಡೀ ಕಲಿಸುವವರಿಗೆ ವಾರಕ್ಕೆ ಮೂರು ಗಂಟೆ ಕಲಿಯುವವರಾಗಿ ನಿಲ್ಲುವುದು ದೊಡ್ಡ ಪಾಠ.

ಈ ಬದಲಾವಣೆ ನನ್ನೊಬ್ಬಳದಲ್ಲ. ಜೂಡೊ ಕಲೆಯ ಸ್ಥಾಪಕ ಜಿಗೊರೊ ಕಾನೊ (1860–1938) ಚಿಕ್ಕ ಮೈಕಟ್ಟಿನ ಹುಡುಗ. ಶಾಲೆಯಲ್ಲಿ ಬಲಿಷ್ಠ ಹುಡುಗರ ಕಾಟ ತಾಳಲಾರದೆ ಅವರು ಜುಜುತ್ಸು ಕಲಿಯಲು ಹೊರಟರು. 1882ರಲ್ಲಿ ಕೊಡೊಕಾನ್ ಶಾಲೆಯನ್ನು ಸ್ಥಾಪಿಸುವ ಹೊತ್ತಿಗೆ ಅವರ ಮನಸ್ಸಿನಲ್ಲಿದ್ದುದು ಕಾಟ ಕೊಟ್ಟವರನ್ನು ಸೋಲಿಸುವ ಮಾತಲ್ಲ. ಕಲೆಯಿಂದ ಶಿಕ್ಷಣವಾಗಬೇಕು ಎಂಬುದೇ ಅವರ ವಿಚಾರ. ಇರುವ ಶಕ್ತಿಯನ್ನು ಪೋಲಾಗದಂತೆ ಬಳಸುವುದು, ತಾನೂ ಎದುರಾಳಿಯೂ ಕೂಡಿ ಬೆಳೆಯುವುದು, ಇವೆರಡನ್ನು ಅವರು ಜೂಡೊದ ತತ್ವಗಳೆಂದು ಹೇಳಿದರು. ಹೊಸಬರಿಗೆ ಕೆಡಹುವುದಕ್ಕಿಂತ ಮುಂಚೆ ಪೆಟ್ಟಾಗದಂತೆ ಬೀಳುವುದನ್ನು ಕಲಿಸುವ ಪದ್ಧತಿ ಜೂಡೊದಲ್ಲಿದೆ. ನಮ್ಮ ಓದುಗರು ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ: ಕಾನೊ ಅವರು ಟೋಕಿಯೊದ ಉನ್ನತ ನಾರ್ಮಲ್ ಶಾಲೆಯ, ಅಂದರೆ ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆಯ, ಮುಖ್ಯಸ್ಥರಾಗಿ ಬಹುಕಾಲ ಕೆಲಸ ಮಾಡಿದವರು. ಓಕಿನಾವಾದ ಕರಾಟೆಯನ್ನು 1922ರಲ್ಲಿ ಟೋಕಿಯೊದಲ್ಲಿ ಪ್ರದರ್ಶಿಸಿ ಜಪಾನಿನಲ್ಲೆಲ್ಲ ಹರಡಿದ ಗಿಚಿನ್ ಫುನಕೋಶಿ ಕೂಡ ಶಾಲಾ ಶಿಕ್ಷಕರು. ಬಾಲ್ಯದಲ್ಲಿ ಅವರದು ದುರ್ಬಲ ಆರೋಗ್ಯ.

ಅಷ್ಟು ದೂರ ಹೋಗದೆ ನಮ್ಮ ಭಾಗದ ಗರಡಿಮನೆಯನ್ನೇ ನೋಡಬಹುದು. ಕಲ್ಯಾಣ ಚಾಲುಕ್ಯರ ದೊರೆ 3ನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವರ್ಗ, ಆಹಾರ, ವ್ಯಾಯಾಮಗಳನ್ನು ಹೇಳುವ ‘ಮಲ್ಲವಿನೋದ’ ಎಂಬ ಭಾಗವಿದೆ. ಅಂದಿನಿಂದ ಬಂದ ಕುಸ್ತಿ ಇಂದಿಗೂ ನಮ್ಮ ಜಾತ್ರೆಗಳಲ್ಲಿದೆ. ಹುಡುಗ ಗರಡಿಗೆ ಬರುವುದು ಜಾತ್ರೆಯ ಕಣದಲ್ಲಿ ಗೆದ್ದು ಬೆಳ್ಳಿ ಕಡಗ ತೊಡುವ ಆಸೆಯಿಂದ. ಆದರೆ ಅವನಿಗೆ ಮೊದಲು ಸಿಗುವುದು ಹನುಮಪ್ಪನಿಗೆ ಕೈಮುಗಿದು ಕಣದ ಮಣ್ಣು ಹದಮಾಡುವ ಕೆಲಸ, ಆಮೇಲೆ ದಂಡ, ಬೈಠಕ್. ಕಡಗ ಎಲ್ಲರಿಗೂ ಸಿಗುವುದಿಲ್ಲ. ಸಿಗದವರೂ ನಸುಕಿನಲ್ಲಿ ಎದ್ದು ಗರಡಿಗೆ ಬರುತ್ತಾರೆ. ಅವರನ್ನು ಎಬ್ಬಿಸುವುದು ಕಡಗವಲ್ಲ.

ಇದನ್ನು ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಬಂದ ಕಾರಣ ಸಾಮಾನ್ಯವಾಗಿ ಬಾಹ್ಯ ಪ್ರೇರಣೆ: ಹೆದರಿಕೆ, ಬಹುಮಾನ, ಹಿರಿಯರ ಒತ್ತಾಯ. ಉಳಿದ ಕಾರಣ ಆಂತರಿಕ ಪ್ರೇರಣೆ. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ತಮ್ಮ ಸ್ವನಿರ್ಧಾರ ಸಿದ್ಧಾಂತದಲ್ಲಿ ಆಂತರಿಕ ಪ್ರೇರಣೆ ಬೆಳೆಯಲು ಮೂರು ಅಗತ್ಯಗಳು ಪೂರೈಸಬೇಕು ಎನ್ನುತ್ತಾರೆ: ತನ್ನ ಇಷ್ಟದಿಂದ ಮಾಡುತ್ತಿದ್ದೇನೆ ಎಂಬ ಸ್ವಾಯತ್ತತೆ, ನನ್ನಿಂದ ಆಗುತ್ತದೆ ಎಂಬ ಸಾಮರ್ಥ್ಯದ ಅರಿವು, ನನ್ನವರಿದ್ದಾರೆ ಎಂಬ ಸಂಬಂಧ. ಗಣಿತದ ತರಗತಿಗೂ ಇದೇ ಮಾತು ಸಲ್ಲುತ್ತದೆ. ಪರೀಕ್ಷೆಯ ಹೆದರಿಕೆ ಮಗುವನ್ನು ತಂದು ಕೂರಿಸಬಹುದು, ಬಹುಕಾಲ ಉಳಿಸಲಾರದು.

ಹಾಗಾದರೆ ಪ್ರಶಿಕ್ಷಣಾರ್ಥಿ ಮಾಡಬೇಕಾದ ಮೊದಲ ಕೆಲಸ, ಕಾರಣ ಕೇಳುವುದು. ನಾನು ಮೇಲ್ವಿಚಾರಣೆ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಚೀಟಿ ಕೊಟ್ಟು, ಈ ತರಬೇತಿಗೆ ಏಕೆ ಬಂದಿರಿ ಎಂದು ಬರೆಯಲು ಹೇಳಿದಳು. ಹೆಸರು ಬರೆಯುವುದು ಬಿಡುವುದು ಅವರ ಇಷ್ಟ. “ಪಿ.ಇ. ಸರ್ ಬಾ ಅಂದ್ರು” ಎಂದು ಕೆಲವರು. “ನಮ್ಮಣ್ಣ ಹೊಡಿತಾನ, ತಿರುಗಿ ಹೊಡೀಬೇಕು” ಎಂದು ಒಬ್ಬಳು. “ಗ್ರೌಂಡಿನ್ಯಾಗ ಯಾವಾಗ್ಲೂ ಹುಡುಗೂರ ಇರ್ತಾರ, ಈಗ ನಮಗೂ ಸಿಕ್ಕೈತಿ” ಎಂದು ಇನ್ನೊಬ್ಬಳು. ಹೆಸರು ಬರೆದಿದ್ದ ಒಂದು ಚೀಟಿಯಲ್ಲಿ ಹೀಗಿತ್ತು: “ಬಸ್ಸಿನ್ಯಾಗ ಒಬ್ಬಾಂವ ದಿನಾ ಹಿಂದ ಬಂದು ನಿಲ್ತಾನ. ಯಾರಿಗೂ ಹೇಳಿಲ್ಲ.”

ಈ ಕೊನೆಯ ಚೀಟಿಗೆ “ಚೆನ್ನಾಗಿ ಅಭ್ಯಾಸ ಮಾಡು, ಧೈರ್ಯವಾಗಿರು” ಎಂಬುದು ಉತ್ತರವಲ್ಲ. ಹಾಗೆ ಹೇಳಿದರೆ, ನಿನ್ನನ್ನು ಕಾಯುವ ಕೆಲಸ ನಿನ್ನದೇ ಎಂದು 14 ವರ್ಷದ ಮಗುವಿಗೆ ಹೇಳಿದಂತಾಗುತ್ತದೆ. ನಾಳೆ ಅವಳಿಂದ ಕೈ ಎತ್ತಲಾಗದಿದ್ದರೆ ತಪ್ಪು ತನ್ನದೇ ಎಂದು ಅವಳು ಭಾವಿಸುತ್ತಾಳೆ. 18 ವರ್ಷದೊಳಗಿನ ಎಲ್ಲರೂ 2012ರ ಪೋಕ್ಸೊ ಕಾಯ್ದೆಯ ರಕ್ಷಣೆಗೆ ಬರುತ್ತಾರೆ. ಲೈಂಗಿಕ ಉದ್ದೇಶದಿಂದ ಮಗುವನ್ನು ಪದೇ ಪದೇ ಹಿಂಬಾಲಿಸುವುದೂ ಆ ಕಾಯ್ದೆಯಡಿ ಅಪರಾಧ. ಅಪರಾಧ ನಡೆದಿದೆ ಅಥವಾ ನಡೆಯಬಹುದು ಎಂದು ತಿಳಿದವರು ಪೊಲೀಸರಿಗೆ ತಿಳಿಸಬೇಕೆಂದು ಸೆಕ್ಷನ್ 19 ಹೇಳುತ್ತದೆ. ತಿಳಿಸದಿದ್ದರೆ ಸೆಕ್ಷನ್ 21ರಡಿ ಶಿಕ್ಷೆಯಿದೆ. ಪ್ರಶಿಕ್ಷಣಾರ್ಥಿ ಇನ್ನೂ ಕಲಿಯುವವಳು ಎಂಬ ವಿನಾಯಿತಿ ಇಲ್ಲಿಲ್ಲ. ಆ ದಿನವೇ ಅವಳು ಚೀಟಿಯನ್ನು ಮಾರ್ಗದರ್ಶಿ ಶಿಕ್ಷಕಿಗೆ ತೋರಿಸಿದಳು, ವಿಷಯ ಮುಖ್ಯೋಪಾಧ್ಯಾಯರಿಗೆ ಹೋಯಿತು, ತಂದೆತಾಯಿಯನ್ನು ಕರೆಸಿ ಮಾತನಾಡಿ ಪೊಲೀಸರಿಗೆ ತಿಳಿಸಲಾಯಿತು. ಹುಡುಗಿಯ ಹೆಸರು ಸಿಬ್ಬಂದಿ ಕೊಠಡಿಯಲ್ಲಿ ಯಾರ ಬಾಯಿಗೂ ಬರಲಿಲ್ಲ. ಇದೂ ಅಷ್ಟೇ ಮುಖ್ಯ.

ಎಂಟನೇ ವಾರ ಅದೇ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳಲಾಯಿತು: ಈಗ ಏಕೆ ಬರುತ್ತೀರಿ? ಆ ಹುಡುಗಿ ಬರೆದದ್ದು: “ನಾ ಕೂಗಿದ್ರ ಗ್ರೌಂಡ್ ತುಂಬ ಕೇಳತೈತಿ.” ಕರಾಟೆಯಲ್ಲಿ ಹೊಡೆತದ ಜೊತೆಗೆ ಹೊಟ್ಟೆಯಿಂದ ಹೊರಡಿಸುವ ಕೂಗನ್ನು ಕಿಯಾಯ್ ಎನ್ನುತ್ತಾರೆ. ತನ್ನ ದನಿ ಇಷ್ಟು ದೊಡ್ಡದಿದೆ ಎಂದು ಅವಳಿಗೆ ಗೊತ್ತಾದದ್ದು ಅಲ್ಲಿ. ಅವಳ ಹೆದರಿಕೆಯ ಹೊಣೆಯನ್ನು ದೊಡ್ಡವರು ಹೊತ್ತಿದ್ದರಿಂದಲೇ ಅವಳಿಗೆ ಕಲಿಕೆಯ ಖುಷಿಗೆ ಜಾಗ ಸಿಕ್ಕಿತು ಎಂಬುದು ನನ್ನ ತಿಳಿವಳಿಕೆ.

ಇಂಟರ್ನ್‌ಶಿಪ್‌ಗೆ ಹೊರಡುವವರಿಗೆ ಕೆಲವು ಸೂಚನೆಗಳು. ಮೊದಲ ವಾರ ಮತ್ತು ಎಂಟನೇ ವಾರ ಕಾರಣ ಬರೆಸಿ. ಚೀಟಿಗಳನ್ನು ತರಗತಿಯಲ್ಲಿ ಓದಬೇಡಿ, ಅಂದೇ ನೀವೊಬ್ಬರೇ ಓದಿ. ತರಬೇತುದಾರರ ಜೊತೆ ಮಾತನಾಡಿ, ನಿಲುವು, ದೊಡ್ಡ ದನಿ, ಹಿಡಿದ ಕೈ ಬಿಡಿಸಿಕೊಳ್ಳುವುದು, ಓಡಿ ಬಂದು ಹೇಳುವುದು, ಇವಕ್ಕೆ ಒದೆತಕ್ಕಿಂತ ಮೊದಲ ಸ್ಥಾನ ಕೊಡಿಸಿ. ಯಾರಿಗೆ ಹೇಳಬೇಕು ಎಂಬುದನ್ನು ಹೆಸರು ಹಿಡಿದು ಹೇಳಿಕೊಡಿ. ಮಕ್ಕಳ ಸಹಾಯವಾಣಿ 1098 ಎಲ್ಲರಿಗೂ ಬಾಯಿಪಾಠವಿರಲಿ. ಪಾಠಯೋಜನೆಯ ಉದ್ದೇಶದ ಅಂಕಣದಲ್ಲಿ “ತನ್ನನ್ನು ತಾನು ರಕ್ಷಿಸಿಕೊಳ್ಳುವಳು” ಎಂದಷ್ಟೇ ಬರೆದು ನಿಲ್ಲಿಸಬೇಡಿ. “ಕಳೆದ ವಾರಕ್ಕಿಂತ ಈ ವಾರ ತನಗೆ ಏನು ಸಾಧ್ಯವಾಯಿತು ಎಂದು ಹೇಳುವಳು” ಎಂದೂ ಸೇರಿಸಿ. ಅದರ ಕೆಳಗೆ, ಅವಳ ರಕ್ಷಣೆಗೆ ಶಾಲೆ ಮಾಡಬೇಕಾದ ಕೆಲಸವೇನು ಎಂಬುದಕ್ಕೆ ಒಂದು ಸಾಲು ಬಿಡಿ. ಆ ಸಾಲನ್ನು ತುಂಬುವುದು ಮಗುವಿನ ಕೆಲಸವಲ್ಲ, ನಮ್ಮದು.