ಬಣ್ಣ ಕೆರೆಯುವ ಮುನ್ನ

ಹರ್ಕ್ಯುಲಿಸ್ ಎಂದರೆ ನಮ್ಮ ಕಡೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಮುಂದಿನ ಬಾರಿನ ಮೇಲೆ ಮಗು, ಹಿಂದೆ ಕ್ಯಾರಿಯರ್ ಮೇಲೆ ಮಗುವಿನ ತಾಯಿ, ಇಷ್ಟನ್ನೂ ಹೊತ್ತು ತಿರುಗುತ್ತಿದ್ದ ಕಪ್ಪು ಸೈಕಲ್ಲು. ಅದು ಬರುತ್ತಿದ್ದುದು ಮದರಾಸಿನ ಅಂಬತ್ತೂರಿನ ಟಿ.ಐ. ಕಾರ್ಖಾನೆಯಿಂದ, ಮೂಲ ಕಂಪನಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನದು. ಅದೇ ಹೆಸರಿನ ಇನ್ನೊಂದು ಬಗೆಯ ಸೈಕಲ್ ತುಳಿದು ಐಲೀನ್ ಶೆರಿಡನ್ 1954ರಲ್ಲಿ ಬ್ರಿಟನ್ನಿನ ನೈಋತ್ಯ ತುದಿ ಲ್ಯಾಂಡ್ಸ್ ಎಂಡ್‌ನಿಂದ ಈಶಾನ್ಯ ತುದಿ ಜಾನ್ ಓ ಗ್ರೋಟ್ಸ್‌ಗೆ 2 ದಿನ 11 ಗಂಟೆ 7 ನಿಮಿಷದಲ್ಲಿ ತಲುಪಿದರು. ದೂರ ಸುಮಾರು 1,400 ಕಿಲೋಮೀಟರ್. ಐದಡಿ ಎತ್ತರವೂ ಇಲ್ಲದ ಆ ಹೆಣ್ಣುಮಗಳ ದಾಖಲೆಯನ್ನು 36 ವರ್ಷ ಯಾವ ಹೆಂಗಸೂ ಮುರಿಯಲಿಲ್ಲ.

ನಮ್ಮ ಹೊರೆ ಹೊರುವ ಸೈಕಲ್ಲಿನ ತೂಕ ಇಪ್ಪತ್ತು ಕಿಲೋ ಆಸುಪಾಸು. ರೇಸಿನವರ ‘ಲೈಟ್‌ವೇಟ್’ ಅದರ ಅರ್ಧದಷ್ಟೇ ತೂಗುತ್ತಿತ್ತು. ಅದು ಹುಟ್ಟಿದ್ದರ ಹಿಂದೆ ಒಂದು ನಿಷೇಧವಿದೆ. ಬ್ರಿಟನ್ನಿನ ಸೈಕ್ಲಿಂಗ್ ಸಂಘ 1890ರಲ್ಲಿ ರಸ್ತೆಯ ಮೇಲೆ ಗುಂಪಾಗಿ ರೇಸ್ ಮಾಡುವುದನ್ನು ನಿಲ್ಲಿಸಿತು. ಪೊಲೀಸರ ಕಣ್ಣಿಗೆ ಬೀಳದಂತೆ ಸವಾರರು ಬೆಳಕು ಹರಿಯುವ ಹೊತ್ತಿಗೆ, ಮೈತುಂಬ ಕಪ್ಪು ಬಟ್ಟೆ ತೊಟ್ಟು, ಒಬ್ಬೊಬ್ಬರಾಗಿ ಗಡಿಯಾರದ ಎದುರು ಓಡಿಸತೊಡಗಿದರು. ಹೆಚ್ಚಿನವರು ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುವವರು. ಎರಡು ಸೈಕಲ್ ಇಟ್ಟುಕೊಳ್ಳುವ ಶಕ್ತಿ ಇಲ್ಲದವರು. ಕೆಲಸಕ್ಕೂ ಅದೇ, ಭಾನುವಾರದ ರೇಸಿಗೂ ಅದೇ. ರೇಸಿನ ಹಗುರ ಚಕ್ರಗಳನ್ನು ಮುಂದಿನ ಚಕ್ರದ ಎರಡು ಪಕ್ಕ ಕಟ್ಟಿಕೊಂಡು ಹೋಗುವರು, ಅಲ್ಲಿ ಮಡ್‌ಗಾರ್ಡ್ ಬಿಚ್ಚಿ ಚಕ್ರ ಬದಲಿಸುವರು, ಮುಗಿದ ಮೇಲೆ ಮತ್ತೆ ಕಟ್ಟಿಕೊಂಡು ಮನೆಗೆ. ಇಂಥವರ ಅಳತೆ ತೆಗೆದು ಒಂದೊಂದೇ ಫ್ರೇಮು ಕೂಡಿಸುತ್ತಿದ್ದ ಸಣ್ಣ ಸಣ್ಣ ಕಮ್ಮಟಗಳು ಲಂಡನ್, ಬರ್ಮಿಂಗ್‌ಹ್ಯಾಮ್, ಡರ್ಬಿಗಳಲ್ಲಿ ಬೆಳೆದವು.

ಇವರ ಕೈಗೆ ಬಲ ಕೊಟ್ಟಿದ್ದು ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪನಿಯ ಪೈಪು. ಬೆಸುಗೆ ಬೀಳುವ ಎರಡು ತುದಿಗಳಲ್ಲಿ ದಪ್ಪ, ನಡುವೆ ತೆಳು, ಹೊರಗಿನಿಂದ ನೋಡಿದರೆ ಒಂದೇ ಸಮ. ಹಾಗೆ ಎಳೆಯುವ ವಿಧಾನಕ್ಕೆ 1897ರಲ್ಲೇ ಪೇಟೆಂಟ್ ಸಿಕ್ಕಿತ್ತು. 1935ರಲ್ಲಿ ಮ್ಯಾಂಗನೀಸ್, ಮಾಲಿಬ್ಡಿನಮ್ ಬೆರೆತ ಉಕ್ಕಿನ ‘531’ ಬಂತು. ಮುಂದಿನ ನಾಲ್ಕು ದಶಕ ಒಳ್ಳೆಯ ಫ್ರೇಮು ಎಂದರೆ 531 ಎನ್ನುವಂತಾಯಿತು.

ಆದ್ದರಿಂದಲೇ 531 ಸ್ಟಿಕ್ಕರ್ ಒಂದನ್ನೇ ನಂಬಿ ಹಳೆಯ ಸೈಕಲ್ ಕೊಳ್ಳಬಾರದು. ಹಳೆಯದರ ಪಡಿಯಚ್ಚಿನಂಥ ಹೊಸ ಸ್ಟಿಕ್ಕರ್ ಇವತ್ತು ದುಡ್ಡು ಕೊಟ್ಟರೆ ಸಿಗುತ್ತದೆ. ಪೈಪು ಸುಳ್ಳು ಹೇಳುವುದು ಕಷ್ಟ. ಸೀಟಿನ ಕಂಬಿಯನ್ನು ಹೊರಗೆಳೆದು ವರ್ನಿಯರ್ ಹಿಡಿಯಿರಿ. ಸೀಟಿನ ಪೈಪಿನ ಹೊರ ಅಳತೆ ಬ್ರಿಟಿಷ್ ಫ್ರೇಮುಗಳಲ್ಲಿ ಸಾಮಾನ್ಯವಾಗಿ 28.6 ಮಿ.ಮೀ. ಅದರೊಳಗೆ 27.2 ಮಿ.ಮೀ. ಕಂಬಿ ಸರಿಯಾಗಿ ಕೂತರೆ ಪೈಪಿನ ಗೋಡೆ ತೆಳುವಾಗಿದೆ, 531ರ ಒಳ್ಳೆಯ ದರ್ಜೆ ಇರಬಹುದು ಎಂದು ಅರ್ಥ. 26.4 ಅಥವಾ ಅದಕ್ಕಿಂತ ಕಡಿಮೆ ಬಂದರೆ ದಪ್ಪ ಗೋಡೆಯ ಸಾದಾ ಪೈಪೆಂದು ತಿಳಿಯಬಹುದು. ಯಾರೋ ತಪ್ಪು ಅಳತೆಯ ಕಂಬಿ ತುರುಕಿ ಬಿಗಿದಿರುವುದೂ ಉಂಟು. ಹಾಗಾಗಿ ಪೈಪಿನ ಬಾಯಿಯನ್ನೂ ಅಳೆಯಬೇಕು.

ಆಮೇಲೆ ಸೈಕಲ್ ತಲೆಕೆಳಗು ಮಾಡಿ. ಪೆಡಲ್ ಆಕ್ಸಲ್ ಕೂರುವ ಬಿ.ಬಿ. ಗೂಡಿನ ತಳದಲ್ಲಿ, ಇಲ್ಲವೇ ಹಿಂಚಕ್ರದ ಆಕ್ಸಲ್ ಕೂರುವ ತುದಿಯಲ್ಲಿ ನಂಬರು ಹೊಡೆದಿರುತ್ತಾರೆ. ಎಷ್ಟೋ ಕಮ್ಮಟದವರು ಅದೇ ನಂಬರನ್ನು ಫೋರ್ಕಿನ ಒಳಕೊಳವೆಯ ಮೇಲೂ ಹೊಡೆಯುತ್ತಿದ್ದರು. ಹ್ಯಾಂಡಲ್ ಬಿಚ್ಚಿ ಫೋರ್ಕ್ ಹೊರತೆಗೆದು ನೋಡಿದಾಗ ಎರಡೂ ಒಂದೇ ಆಗಿದ್ದರೆ, ಈ ಫ್ರೇಮು ಮತ್ತು ಫೋರ್ಕ್ ಹುಟ್ಟಿನಿಂದ ಜೊತೆಗಿವೆ ಎಂದು ಧೈರ್ಯವಾಗಿ ಹೇಳಬಹುದು. ಹಳೆಯ ಸೈಕಲ್ಲಿನಲ್ಲಿ ಇದಕ್ಕಿಂತ ಸಂತೋಷ ಕೊಡುವ ಸಾಕ್ಷಿ ಇನ್ನೊಂದಿಲ್ಲ.

ಕೆಲವನ್ನು ದೂರದಿಂದಲೇ ಗುರುತಿಸಬಹುದು. ರಷ್ಯಾದಿಂದ ಬಂದು ಲಂಡನ್ನಿನ ಟಾಟೆನ್‌ಹ್ಯಾಮಿನಲ್ಲಿ ಅಂಗಡಿ ಇಟ್ಟ ಹೈಮನ್ ಹೆಚಿನ್‌ನ ಫ್ರೇಮುಗಳಲ್ಲಿ ಹಿಂಚಕ್ರವನ್ನು ಹಿಡಿಯುವ ಪೈಪುಗಳು ಅಲೆಯಂತೆ ಬಾಗಿರುತ್ತವೆ. ಬೇಟ್ಸ್ ಕಂಪನಿಯ ಫೋರ್ಕಿಗೆ ಎರಡು ಕಡೆ ಬಾಗು. ಹವ್ಯಾಸಿ ಸವಾರರು ಕಂಪನಿಯ ಹೆಸರು ತೋರಿಸಿ ಜಾಹೀರಾತು ಮಾಡುವಂತಿರಲಿಲ್ಲ. ಹೆಸರಿಲ್ಲದೆಯೂ ಫೋಟೊದಲ್ಲಿ ಗುರುತು ಸಿಗಲೆಂದೇ ಹೀಗೆ ಮಾಡಿದರೆಂದು ಹೇಳುವವರಿದ್ದಾರೆ. ಬಹುಪಾಲು ಫ್ರೇಮುಗಳಿಗೆ ಇಂಥ ಚಹರೆ ಇಲ್ಲ. ಅವುಗಳಲ್ಲಿ ನೋಡಬೇಕಾದ್ದು ಪೈಪುಗಳು ಕೂಡುವ ಕಡೆಯ ಲಗ್‌ಗಳನ್ನು. ಲಗ್ಗಿನ ಅಂಚಿನ ಮೇಲೆ ಉಗುರು ಎಳೆಯಿರಿ. ಅರ ಹಾಕಿ ತೆಳುಗೊಳಿಸಿದ ಅಂಚಿನಲ್ಲಿ ಉಗುರು ತಡೆಯದೆ ಜಾರುತ್ತದೆ. ಅವಸರದ ಕೆಲಸದಲ್ಲಿ ಮೆಟ್ಟಿಲು ಹತ್ತಿದಂತೆ ತಡೆಯುತ್ತದೆ.

ಬಿಡಿಭಾಗಗಳೂ ಕಾಲ ಹೇಳುತ್ತವೆ. ನಾಟಿಂಗ್‌ಹ್ಯಾಮಿನ ಸ್ಟರ್ಮಿ-ಆರ್ಚರ್ ಮೂರು ಗೇರಿನ ಹಬ್ಬಿನ ಮೇಲೆ 55ರ ಪಕ್ಕ 9 ಇದ್ದರೆ ಅದು 1955ರ ಸೆಪ್ಟೆಂಬರಿನದು. 1970ರ ದಶಕದ ಕ್ಯಾಂಪಗ್ನೋಲೊ ಹಿಂದಿನ ಗೇರಿನ ಮೇಲೆ ಪೇಟೆಂಟ್ ಎಂಬ ಅಕ್ಷರಗಳ ಮುಂದೆ ಇಸವಿಯೇ ಇರುತ್ತದೆ. ಆದರೆ ಇವು ಹೇಳುವುದು ಆ ಭಾಗದ ವಯಸ್ಸು ಮಾತ್ರ. ಗೇರು ಕೂರಿಸುವ ಕಿವಿಯೇ ಇಲ್ಲದ 1950ರ ಫ್ರೇಮಿಗೆ ಕ್ಲಿಪ್ ಹಾಕಿ 1972ರ ಗೇರು ತೂಗುಹಾಕಿದ್ದರೆ, ಒಬ್ಬ ಸವಾರ ಇಪ್ಪತ್ತು ವರ್ಷ ಅದನ್ನು ಬಿಡದೆ ತುಳಿದ, ಕೈಯಲ್ಲಿ ಕಾಸು ಸೇರಿದಾಗ ಸುಧಾರಿಸಿಕೊಂಡ ಎಂದು ಓದಿಕೊಳ್ಳಬಹುದು. ಅಂಥದ್ದನ್ನು ಕಿತ್ತೆಸೆದು ‘ಮೂಲ ಸ್ಥಿತಿ’ಗೆ ತರುವುದು ನನಗೆ ಒಪ್ಪಿಗೆಯಿಲ್ಲ.

ಉಳಿಸುವ ಕೆಲಸದಲ್ಲಿ ನಮ್ಮವರ ಕೈ ಮೊದಲು ಹೋಗುವುದು ಬಣ್ಣಕ್ಕೆ. ಮರಳು ಹೊಡೆಸಿ ಪೌಡರ್ ಕೋಟಿಂಗ್ ಮಾಡಿಸಿದರೆ ಸೈಕಲ್ ಹೊಸದರಂತೆ ಹೊಳೆಯುವುದು ನಿಜ. ಅದರ ಜೊತೆಗೆ ಅರ ಹಾಕಿದ ಅಂಚು ದಪ್ಪ ಪದರದಡಿ ಮುಚ್ಚಿಹೋಗುತ್ತದೆ, ನಂಬರು ಮಸುಕಾಗುತ್ತದೆ, ಕಮ್ಮಟದ ಸ್ಟಿಕ್ಕರ್ ಹೋದರೆ ಹೋಯಿತು. ಹಳೆಯ ಲೈಟ್‌ವೇಟ್‌ಗಳಲ್ಲಿ ಬೆಳ್ಳಿ ಬಣ್ಣದ ಮೇಲೆ ಪಾರದರ್ಶಕ ಕೆಂಪನ್ನೋ ನೀಲಿಯನ್ನೋ ಬಳಿದ ಬಗೆಯೊಂದಿದೆ. ಬಿಸಿಲಿಗೆ ಅದು ಮಾಸುತ್ತದೆ. ಪಂಪಿನ ಕ್ಲಿಪ್ಪನ್ನು ಸಡಿಲಿಸಿ ಸರಿಸಿದರೆ ಅದರಡಿ ಬೆರಳಗಲದ ಪಟ್ಟಿಯಲ್ಲಿ ಮೊದಲ ದಿನದ ಬಣ್ಣ ಹಾಗೇ ಕಾಣುತ್ತದೆ. ಪಾಲಿಷ್ ಪೇಸ್ಟ್ ಹಾಕಿ ಉಜ್ಜಿದಿರೋ, ಆ ತೆಳು ಪದರ ಸವೆದು ಬೆಳ್ಳಿ ಹೊರಬೀಳುತ್ತದೆ.

ಮೆತ್ತನೆಯ ಬಟ್ಟೆ, ಉಗುರುಬೆಚ್ಚಗಿನ ನೀರು, ಒಂದಿಷ್ಟು ಸೋಪು ಸಾಕು. ಅದೂ ಮೊದಲು ಮರೆಯ ಜಾಗದಲ್ಲಿ ಪರೀಕ್ಷಿಸಿ, ಸ್ಟಿಕ್ಕರ್ ಬಿಟ್ಟು. ಒರೆಸಿ ಒಣಗಿದ ಮೇಲೆ ಮೇಣದ ಪಾಲಿಷ್. ಪೈಪಿನ ಒಳಗಿನ ತುಕ್ಕು ಹೊರಗಿನದಕ್ಕಿಂತ ಅಪಾಯ. ನಮ್ಮ ಕರಾವಳಿಯ ಮಳೆಗಾಲದಲ್ಲಂತೂ ಸೀಟಿನ ಪೈಪಿನೊಳಗೆ ಎಣ್ಣೆ ಬಿಟ್ಟು ಫ್ರೇಮನ್ನು ಎಲ್ಲ ಕಡೆ ಹೊರಳಿಸಬೇಕು. ಚರ್ಮದ ಸೀಟಿಗೆ ಮಾತ್ರ ಕೊಬ್ಬರಿ ಎಣ್ಣೆ ಸುರಿಯಬೇಡಿ, ಚರ್ಮ ಮೆತ್ತಗಾಗಿ ಜೋತುಬೀಳುತ್ತದೆ.

ಕ್ರ್ಯಾಂಕಿನ ಕಾಟರ್ ಪಿನ್ ಬರದಿದ್ದರೆ ಸುತ್ತಿಗೆಗೆ ಮುನ್ನ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ, ಆಮೇಲೆ ಒತ್ತುವ ಸಾಧನದಿಂದ ತಳ್ಳಿ. ಬ್ರಿಟಿಷ್ ಫ್ರೇಮಿನಲ್ಲಿ ಚೈನಿನ ಕಡೆಯ ಬಿ.ಬಿ. ಕಪ್ಪಿಗೆ ಎಡಮರೆ, ನಮ್ಮ ಸೈಕಲ್‌ಗಳೂ ಅದೇ ಪದ್ಧತಿಯವಾದ್ದರಿಂದ ಹಳೆಯ ಮೇಸ್ತ್ರಿಗಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಇಟಲಿಯ ಫ್ರೇಮು ಬಂದಾಗ ಎಚ್ಚರ: ಅದರಲ್ಲಿ ಎರಡೂ ಬಲಮರೆ.

ಅಲ್ಯೂಮಿನಿಯಂ ಹ್ಯಾಂಡಲ್ ಮತ್ತು ಅದನ್ನು ಹಿಡಿದ ಸ್ಟೆಮ್‌ನಲ್ಲಿ ಕೂದಲೆಳೆಯ ಬಿರುಕು ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡದೆ ರಸ್ತೆಗಿಳಿಯಬಾರದು. ಅನುಮಾನ ಬಂದರೆ ತುಳಿಯುವುದಕ್ಕೆ ಬೇರೆಯದು ಹಾಕಿಕೊಳ್ಳಿ. ಹಳೆಯದಕ್ಕೆ ಫ್ರೇಮಿನ ನಂಬರು ಬರೆದ ಚೀಟಿ ಕಟ್ಟಿ ಸೈಕಲ್ಲಿನ ಜೊತೆಗೇ ಇಡಿ. ಬ್ರಿಟನ್ನಿನಲ್ಲಿ 1955ರಿಂದ ಇರುವ ವೆಟರನ್-ಸೈಕಲ್ ಕ್ಲಬ್ಬಿನಲ್ಲಿ ಒಂದೊಂದು ಕಮ್ಮಟದ ಫ್ರೇಮುಗಳನ್ನೂ ಬಲ್ಲವರಿದ್ದಾರೆ. ಅವರನ್ನು ಕೇಳುವುದಿದ್ದರೆ ಏನನ್ನೂ ಬಿಚ್ಚುವ ಮುನ್ನ, ಧೂಳೂ ಒರೆಸದೆ ತೆಗೆದ ಫೋಟೊ ಕಳಿಸಿ: ಚೈನಿನ ಕಡೆಯಿಂದ ಒಂದು, ಲಗ್‌ಗಳು ಹತ್ತಿರದಿಂದ, ನಂಬರು ಓರೆ ಬೆಳಕಿನಲ್ಲಿ.