ಮೀನು ತರುವ ಮೊದಲು ತೊಟ್ಟಿಗೆ ಹೆಪ್ಪು ಹಾಕಿ

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಸಿಕ್ಕಿದ್ದೇ ತಡ, ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಅಜ್ಜನ ಮನೆಗಳಲ್ಲಿ ಮೊಮ್ಮಕ್ಕಳ ಬೇಡಿಕೆಗಳು ಶುರುವಾಗುತ್ತವೆ. ಈಚೆಗೆ ಗಾಜಿನ ಮೀನಿನ ತೊಟ್ಟಿಯೂ ಆ ಪಟ್ಟಿಗೆ ಸೇರಿದೆ. ಬೆಳಿಗ್ಗೆ ತೊಟ್ಟಿ ತಂದು, ಮಧ್ಯಾಹ್ನ ನೀರು ತುಂಬಿ, ಸಂಜೆಗೆ ಮೀನು ಬಿಟ್ಟರೆ, ಎಷ್ಟೋ ಮನೆಗಳಲ್ಲಿ ವಾರದೊಳಗೆ ಒಂದೊಂದೇ ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ. ಮಕ್ಕಳು ಅಳುತ್ತಾರೆ, ದೊಡ್ಡವರು ಅಂಗಡಿಯವನನ್ನು ಬೈಯುತ್ತಾರೆ. ನೀರು ಮಾತ್ರ ತಿಳಿಯಾಗಿಯೇ ಇರುತ್ತದೆ!

ತಿಳಿನೀರೆಲ್ಲ ಒಳ್ಳೆಯ ನೀರಲ್ಲ, ಮಕ್ಕಳೇ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿಂದುಳಿದ ಆಹಾರ ಕೊಳೆತು ಅಮೋನಿಯಾ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ಆದರೆ ಕಿವಿರನ್ನು ಸುಡುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮಿತಿಯಲ್ಲಿದ್ದರೆ ನೈಟ್ರೇಟನ್ನು ಮೀನು ಸಹಿಸುತ್ತದೆ, ಗಿಡಗಳಿಗಂತೂ ಅದು ಗೊಬ್ಬರ. ಈ ಬ್ಯಾಕ್ಟೀರಿಯಾಗಳ ಕೆಲಸವನ್ನು 1890ರ ಸುಮಾರಿಗೆ ತೋರಿಸಿಕೊಟ್ಟವರು ರಷ್ಯಾದ ವಿಜ್ಞಾನಿ ಸರ್ಗೈ ವಿನೊಗ್ರಾಡ್‌ಸ್ಕಿ.

ಈ ಚಕ್ರ ನಮ್ಮ ಕಣ್ಣೆದುರೇ ಇದೆ. ಅಘನಾಶಿನಿ ನದಿಯ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಭತ್ತದ ಕೊಳೆ ಮೀನಿನ ಮೇವಾಗುತ್ತದೆ, ಮೀನಿನ ಹಿಕ್ಕೆ ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ. ಹೊಸ ತೊಟ್ಟಿಯಲ್ಲಿ ಈ ಚಕ್ರವಿನ್ನೂ ತಿರುಗತೊಡಗಿರುವುದಿಲ್ಲ. ಅದನ್ನು ತಿರುಗಿಸುವುದಕ್ಕೇ ಹವ್ಯಾಸಿಗಳು ‘ಸೈಕ್ಲಿಂಗ್’ ಎನ್ನುವುದು. ಸೈಕಲ್ ತುಳಿಯಬೇಕಾಗಿಲ್ಲ, ಕಾಯಬೇಕು ಅಷ್ಟೇ: ಸಾಮಾನ್ಯವಾಗಿ 4ರಿಂದ 6 ವಾರ. ರಜೆಯ ಮೊದಲ ದಿನವೇ ನೀರು ತುಂಬಿದರೆ, ಮೊಮ್ಮಕ್ಕಳು ಊರಿಗೆ ಹೊರಡುವ ಮೊದಲು ಮೀನು ನೋಡಬಹುದು. ಮೇ ತಿಂಗಳಲ್ಲಿ ತೊಡಗಿದರೆ ಅಜ್ಜನೊಬ್ಬನೇ ನೋಡಬೇಕು.

ಮೀನಿಲ್ಲದ ತೊಟ್ಟಿಯಲ್ಲಿ ಫಿಲ್ಟರ್ ಹಗಲೂ ರಾತ್ರಿ ಓಡಲಿ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಬ್ಯಾಕ್ಟೀರಿಯಾಕ್ಕೆ ಊಟವಾಗುತ್ತದೆ. ಬೇಗ ಆಗಬೇಕೆಂದರೆ ಅಜ್ಜಿ ಮೊಸರು ಮಾಡುವ ಉಪಾಯವೇ ಸರಿ: ಹೆಪ್ಪು. ರೋಗವಿಲ್ಲದ ಹಳೆಯ ತೊಟ್ಟಿಯ ಫಿಲ್ಟರಿನಿಂದ ಒಂದು ತುಂಡು ಸ್ಪಂಜು ಕೇಳಿ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಒಣಗಲು ಬಿಡಬೇಡಿ, ತೊಟ್ಟಿಯ ನೀರಿನಲ್ಲೇ ಮುಳುಗಿಸಿ ತನ್ನಿ.

ಪರೀಕ್ಷೆಯ ಕಿಟ್ ಇಲ್ಲದೆ ಇದೆಲ್ಲ ಕುರುಡು ಲೆಕ್ಕ. ಕೊಳವೆಯ ನೀರಿಗೆ ಹನಿ ಹಾಕಿ ಬಣ್ಣ ಹೊಂದಿಸಿ ನೋಡುವುದು ಮಕ್ಕಳ ಕೆಲಸವಾಗಲಿ. ನಮ್ಮ ವಯಸ್ಸಿನ ಕಣ್ಣಿಗೆ ತಿಳಿಹಸಿರೂ ಹಳದಿಯೂ ಒಂದೇ. ಪುಸ್ತಕದಲ್ಲಿ ಬರೆಯುವುದು ಅಜ್ಜನ ಪಾಲು. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ನಿತ್ಯ ಆಹಾರ ಹಾಕುತ್ತಿದ್ದರೂ ಒಂದು ವಾರ ಎರಡೂ ಸೊನ್ನೆ ಇದ್ದು, ನೈಟ್ರೇಟ್ ಮಾತ್ರ ಕಂಡರೆ ತೊಟ್ಟಿ ಸಿದ್ಧ. ಉಳಿತಾಯ ಖಾತೆಯಲ್ಲಿ ಸೊನ್ನೆ ಕಂಡು ಖುಷಿಪಟ್ಟವರನ್ನು ಬ್ಯಾಂಕಿನ ಕೌಂಟರಿನಲ್ಲಿ ನಾನು ಕಂಡಿಲ್ಲ. ಇಲ್ಲಿ ಸೊನ್ನೆಯೇ ಲಾಭ!

ಮೂರು ವಾರ ಕಳೆದರೂ ಅಮೋನಿಯಾ ಇಳಿಯದಿದ್ದರೆ? ನಮ್ಮ ಕಡೆ ಮೊದಲು ಸಂಶಯಪಡಬೇಕಾದದ್ದು ಬಾವಿಯನ್ನೇ. ಚಿರೆಕಲ್ಲು ನೆಲದ ಬಾವಿಗಳ ನೀರು ಬಹಳ ಕಡೆ ಮೃದು, ತುಸು ಆಮ್ಲೀಯ. ಸಾಲದ್ದಕ್ಕೆ ಬ್ಯಾಕ್ಟೀರಿಯಾಗಳ ಕೆಲಸದಿಂದಲೂ ಆಮ್ಲ ಹೆಚ್ಚುತ್ತದೆ. ಪಿಎಚ್ 6ಕ್ಕಿಂತ ಕೆಳಗಿಳಿದರೆ ಅವುಗಳ ಕೆಲಸ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಮದ್ದು ಸಮುದ್ರದಂಡೆಯಲ್ಲೇ ಬಿದ್ದಿದೆ. ಖಾಲಿ ಚಿಪ್ಪುಗಳನ್ನು ಉಪ್ಪು ಹೋಗುವಂತೆ ತೊಳೆದು, ಕುದಿಸಿ, ಪುಡಿಗಟ್ಟಿ, ಸಣ್ಣ ಬಲೆಚೀಲದಲ್ಲಿ ಫಿಲ್ಟರಿನ ಹತ್ತಿರ ಇಡಿ. ಚಿಪ್ಪಿನ ಸುಣ್ಣ ನಿಧಾನವಾಗಿ ಕರಗಿ ಪಿಎಚ್ ಏರಿಸುತ್ತದೆ. ಮೀನು ಬಿಡುವ ಮುಂಚೆಯೇ ಇದನ್ನು ಮಾಡಿ. ಪಿಎಚ್ ಏರಿದಂತೆ ಅಮೋನಿಯಾದ ವಿಷವೂ ಏರುತ್ತದೆ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಕೆಟ್ಟ ಕ್ರಿಮಿಗಳ ಜೊತೆ ನಮಗೆ ಬೇಕಾದವೂ ಸಾಯುತ್ತವೆ. ಆ ನೀರನ್ನು ಅಗಲ ಪಾತ್ರೆಯಲ್ಲಿ, ಗಾಳಿಗುಳ್ಳೆ ಬಿಟ್ಟು, ಒಂದೆರಡು ದಿನ ಇಟ್ಟು ಬಳಸಿ. ನೈಟ್ರೈಟ್ ಏರಿದ್ದು ಇಳಿಯದಿದ್ದರೆ ಅರ್ಧ ನೀರು ಬದಲಿಸಿ, ಆಹಾರ ಕಡಿಮೆ ಮಾಡಿ. ಬ್ಯಾಕ್ಟೀರಿಯಾ ಹೆಚ್ಚಾಗಿ ಸ್ಪಂಜು, ಕಲ್ಲುಗಳಿಗೆ ಅಂಟಿರುವುದರಿಂದ ನೀರಿನೊಡನೆ ಹೊರಟುಹೋಗುವುದಿಲ್ಲ. ನೀರು ಹಾಲಿನಂತೆ ಬೆಳ್ಳಗಾದರೆ ಸುಮ್ಮನಿರಿ, ಕೆಲವು ದಿನಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಹಾಗೆಂದು ತೊಟ್ಟಿ ಖಾಲಿ ಮಾಡಿ ಸ್ಪಂಜನ್ನು ನಲ್ಲಿಗೆ ಹಿಡಿದು ಉಜ್ಜುವವರು ಮತ್ತೆ ಒಂದನೇ ದಿನದಿಂದ ಎಣಿಸಬೇಕು.

ಮೇ ತಿಂಗಳ ಸಿಡಿಲಿಗೆ ಕರೆಂಟು ಹೋದರೆ ಸ್ಪಂಜಿನ ಬ್ಯಾಕ್ಟೀರಿಯಾಕ್ಕೆ ಉಸಿರುಕಟ್ಟುತ್ತದೆ. ಕೆಲವು ಗಂಟೆ ಬರಲಿಕ್ಕಿಲ್ಲ ಎನಿಸಿದರೆ ಪ್ಲಗ್ ಕಿತ್ತು, ಫಿಲ್ಟರ್ ಬಿಚ್ಚಿ, ಸ್ಪಂಜನ್ನು ತೊಟ್ಟಿಯ ನೀರಿನಲ್ಲೇ ತೇಲಿಬಿಡಿ. ಬ್ಯಾಟರಿಯ ಏರ್ ಪಂಪ್ ಇದ್ದರೆ ಇನ್ನೂ ಒಳ್ಳೆಯದು.

ತೊಟ್ಟಿ ಸಿದ್ಧವಾದ ದಿನ ಅರ್ಧ ನೀರು ಬದಲಿಸಿ, 50 ಲೀಟರಿನದಾದರೆ ನಾಲ್ಕು ಗಪ್ಪಿ ಬಿಡಿ. ಉಳಿದವು ಹದಿನೈದು ದಿನ ಕಳೆದು ಬರಲಿ. ಅಷ್ಟರಲ್ಲಿ ಶಾಲೆ ತೆರೆದು ಮಕ್ಕಳು ಹೊರಟಿದ್ದರೆ, ಕೊಳವೆಯ ಫೋಟೋ ತೆಗೆದು ಕಳಿಸಿ, ಬಣ್ಣ ಯಾವುದೆಂದು ಅವರನ್ನೇ ಕೇಳಿ.