ಆಲೂಗಡ್ಡೆಯ ಕಣ್ಣಿಗೆ ಪುದೀನದ ಹೊಗೆ

ಬ್ರಿಟನ್ನಿನ ಊಟದ ಮೇಜಿನಿಂದ ಆಲೂಗಡ್ಡೆಯನ್ನು ತೆಗೆದುಬಿಟ್ಟರೆ ಉಳಿಯುವುದು ಅಲ್ಪ. ಮೀನಿನ ಜೊತೆಗೆ ಚಿಪ್ಸ್, ಭಾನುವಾರದ ರೋಸ್ಟ್, ಸಿಪ್ಪೆಯೊಂದಿಗೇ ಬೇಯಿಸಿದ ಜಾಕೆಟ್ ಪೊಟೇಟೊ, ಸಂಜೆಯ ಕುರುಕಲಿಗೆ ಕ್ರಿಸ್ಪ್ಸ್ ಎಲ್ಲಕ್ಕೂ ಅದೇ ಬೇಕು. ನಮ್ಮಲ್ಲಿ ಅಕ್ಕಿ, ರಾಗಿಗಳಿಗೆ ಇರುವ ಸ್ಥಾನ ಇಲ್ಲಿ ಆಲೂಗಡ್ಡೆಗಿದೆ. ಆದರೆ ಎರಡರ ನಡುವೆ ಒಂದು ಮುಖ್ಯ ವ್ಯತ್ಯಾಸವುಂಟು. ಒಣಗಿದ ರಾಗಿಯನ್ನು ನಮ್ಮ ಹಿರಿಯರು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಮರೆತಿರಬಹುದಾಗಿತ್ತು. ಆಲೂಗಡ್ಡೆಯನ್ನು ಹಾಗೆ ಮರೆಯಲಾಗದು. ಅದು ಮುಕ್ಕಾಲು ಪಾಲಿಗಿಂತಲೂ ಹೆಚ್ಚು ನೀರನ್ನು ಹೊತ್ತ ಜೀವಂತ ಕಾಂಡ. ಅಗೆದು ತಂದ ಮೇಲೂ ಉಸಿರಾಡುತ್ತದೆ, ಬೆಚ್ಚಗಾಗುತ್ತದೆ, ಕಾಲ ಬಂದಾಗ ಕಣ್ಣು ತೆರೆಯುತ್ತದೆ.

ನಾನು ಹಾಸನ ಜಿಲ್ಲೆಯವನು. ಈಗ ಇಂಗ್ಲೆಂಡಿನ ಪೂರ್ವ ಭಾಗದ ಲಿಂಕನ್‌ಶೈರ್‌ನಲ್ಲಿದ್ದು, ಕೃಷಿ ಉಗ್ರಾಣಗಳ ತಾಪಮಾನ ನಿಯಂತ್ರಣ ವ್ಯವಸ್ಥೆಯನ್ನು ನೋಡಿಕೊಳ್ಳುವುದು ನನ್ನ ವೃತ್ತಿ. ಇಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಅಗೆದ ಆಲೂಗಡ್ಡೆಯನ್ನು ಒಂದು ಟನ್ ಹಿಡಿಯುವ ಮರದ ಪೆಟ್ಟಿಗೆಗಳಲ್ಲಿ ತುಂಬಿ, ಒಂದರ ಮೇಲೊಂದು ಪೇರಿಸುತ್ತಾರೆ. ಮುಂದಿನ ಮೇ, ಜೂನ್‌ವರೆಗೂ ದೇಶ ಉಣ್ಣಬೇಕಾದುದು ಈ ದಾಸ್ತಾನಿನಿಂದಲೇ. ಮೊದಲ ಎರಡು ಮೂರು ತಿಂಗಳು ಗಡ್ಡೆ ತಾನಾಗಿಯೇ ನಿದ್ರಿಸುತ್ತದೆ. ಅನಂತರ ಪ್ರತಿಯೊಂದು ಕಣ್ಣೂ ಮೊಳೆಯಲು ಹವಣಿಸುತ್ತದೆ. ಮೊಳೆತರೆ ತೂಕ ಇಳಿಯುತ್ತದೆ, ಗಡ್ಡೆ ಸುಕ್ಕಾಗುತ್ತದೆ, ಮೊಳಕೆಯ ಸುತ್ತ ಸೊಲನಿನ್‌ನಂಥ ಕಹಿ ವಿಷಾಂಶ ಕೂಡಿಕೊಳ್ಳುತ್ತದೆ. ಮೊಳೆತ ಸರಕನ್ನು ಕೊಳ್ಳುವವರಿಲ್ಲ. ಒಂದು ಸಾವಿರ ಟನ್ ಕೂಡಿಟ್ಟ ರೈತನಿಗೆ ಅದು ಇಡೀ ವರ್ಷದ ದುಡಿಮೆಯ ಪ್ರಶ್ನೆ.

ಹಾಗಿದ್ದರೆ ಮತ್ತಷ್ಟು ತಣ್ಣಗಿಡಬಾರದೇ ಎಂದು ಕೇಳಬಹುದು. ಅಡುಗೆಮನೆಗೆ ಹೋಗುವ ಆಲೂಗಡ್ಡೆಯನ್ನು 3 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಇಡುತ್ತಾರೆ ನಿಜ. ಆದರೆ ಅಂಥ ಚಳಿಯಲ್ಲಿ ಗಡ್ಡೆಯೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಕೋಲ್ಡ್ ಸ್ಟೋರೇಜ್‌ನ ಆಲೂಗಡ್ಡೆ ಸಿಹಿ ಎಂದು ನಮ್ಮ ಮನೆಗಳಲ್ಲಿ ಮೂಗು ಮುರಿಯುವುದು ಇದೇ ಕಾರಣಕ್ಕೆ. ಸಕ್ಕರೆ ಹೆಚ್ಚಿದ ಗಡ್ಡೆಯನ್ನು ಎಣ್ಣೆಯಲ್ಲಿ ಕರಿದರೆ ಕಪ್ಪಾಗುತ್ತದೆ, ಅಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತುವೂ ಹೆಚ್ಚಾಗಿ ಉತ್ಪತ್ತಿಯಾಗುತ್ತದೆ. ಆದ್ದರಿಂದ ಚಿಪ್ಸ್ ಮತ್ತು ಕ್ರಿಸ್ಪ್ಸ್ ಕಾರ್ಖಾನೆಗಳಿಗೆ ಹೋಗುವ ಗಡ್ಡೆಯನ್ನು ಎಂಟು ಹತ್ತು ಡಿಗ್ರಿಯಲ್ಲಿಯೇ ಇಡಬೇಕು. ಆ ಬೆಚ್ಚಗಿನ ಹವೆ ಮೊಳಕೆಗೂ ಹಿತವಾದುದು.

ಈ ಇಕ್ಕಟ್ಟಿಗೆ ಹಲವು ದಶಕಗಳ ಕಾಲ ಒಂದೇ ಉತ್ತರವಿತ್ತು: ಕ್ಲೋರ್‌ಪ್ರೊಫಾಮ್. ರೈತರ ಬಾಯಲ್ಲಿ ಅದು ಸಿಐಪಿಸಿ. 1950ರ ದಶಕದಿಂದ ಬಳಕೆಗೆ ಬಂದ ಈ ರಾಸಾಯನಿಕ ಮೊಳಕೆಯ ಕೋಶವಿಭಜನೆಯನ್ನೇ ತಡೆಯುತ್ತದೆ. ಅಗ್ಗ, ಒಮ್ಮೆ ಹೊಡೆದರೆ ಬಹುಕಾಲ ಬಾಳುತ್ತದೆ, ಉಗ್ರಾಣದ ಬಾಗಿಲು ಸ್ವಲ್ಪ ಸೋರಿದರೂ ಕ್ಷಮಿಸುತ್ತದೆ. ಆದರೆ ಅದರ ಉಳಿಕೆ ಗಡ್ಡೆಯ ಮೇಲೂ, ಅದು ವಿಘಟನೆಗೊಂಡಾಗ ಹುಟ್ಟುವ ವಸ್ತುಗಳ ಮೇಲೂ ಆರೋಗ್ಯದ ದೃಷ್ಟಿಯಿಂದ ಶಂಕೆಗಳು ಎದ್ದವು. ಐರೋಪ್ಯ ಒಕ್ಕೂಟ 2019ರ ಜೂನ್‌ನಲ್ಲಿ ಅದರ ಅನುಮತಿಯನ್ನು ನವೀಕರಿಸದಿರಲು ನಿರ್ಧರಿಸಿತು. ಬ್ರಿಟನ್ನಿನಲ್ಲಿಯೂ 2020ರ ಅಕ್ಟೋಬರ್ 8 ಅದನ್ನು ಬಳಸಲು ಕೊನೆಯ ದಿನವಾಯಿತು.

ಆ ಶೂನ್ಯವನ್ನು ತುಂಬಲು ಮುಂದೆ ಬಂದವುಗಳಲ್ಲಿ ಸುಗಂಧ ತೈಲಗಳು ಪ್ರಮುಖ. ಅವುಗಳಲ್ಲಿಯೂ ಮೊದಲ ಹೆಸರು ಪುದೀನದ ಕುಲಕ್ಕೆ ಸೇರಿದ ಸ್ಪಿಯರ್‌ಮಿಂಟ್‌ನ ಎಣ್ಣೆ. ನಮ್ಮೂರುಗಳಲ್ಲಿ ಸೊಳ್ಳೆಗಳನ್ನು ಓಡಿಸಲು ನಗರಸಭೆಯವರು ತರುವ ಹೊಗೆಯಂತ್ರವನ್ನು ನೆನಪಿಸಿಕೊಳ್ಳಿ. ಅದೇ ಬಗೆಯ ಯಂತ್ರದಲ್ಲಿ ಎಣ್ಣೆಯನ್ನು ಕಾಯಿಸಿ ಬಿಳಿಯ ಮಂಜಾಗಿಸುತ್ತಾರೆ. ಫ್ಯಾನುಗಳು ಅದನ್ನು ಪೆಟ್ಟಿಗೆಗಳ ಸಂದುಗೊಂದುಗಳಿಗೆಲ್ಲ ನಿಧಾನವಾಗಿ ಒಯ್ಯುತ್ತವೆ. ಆಮೇಲೆ ಒಂದೆರಡು ದಿನ ಉಗ್ರಾಣವನ್ನು ಬಿಗಿಯಾಗಿ ಮುಚ್ಚಿಡಬೇಕು. ಬಾಗಿಲು ತೆರೆದಾಗ ಚೂಯಿಂಗ್ ಗಮ್ ಕಾರ್ಖಾನೆಯನ್ನು ಹೊಕ್ಕಂತೆ ಭಾಸವಾಗುತ್ತದೆ. ನನ್ನ ಕೆಲಸದ ಕೋಟಿನಿಂದ ಆ ವಾಸನೆ ಹೋಗಲು ವಾರ ಹಿಡಿಯುತ್ತದೆ. ಗಡ್ಡೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಎಣ್ಣೆಯ ಕೆಲಸ ಬರಿಗಣ್ಣಿಗೇ ಕಾಣುತ್ತದೆ: ಆಗಷ್ಟೇ ಇಣುಕಿದ ಎಳೆಯ ಮೊಳಕೆಯ ತುದಿ ಕರಕಲಾಗಿ ಒಣಗಿರುತ್ತದೆ.

ಈ ಕೆಲಸ ಮಾಡುವ ಅಂಶದ ಹೆಸರು ಕಾರ್ವೋನ್. ಇದರ ಅಣುವಿಗೆ ಎಡಗೈ ಬಲಗೈಗಳಂತೆ ಎರಡು ರೂಪಗಳಿವೆ. ಒಂದು ಕನ್ನಡಿಯಲ್ಲಿ ಕಂಡ ಇನ್ನೊಂದರ ಪ್ರತಿಬಿಂಬ. ಒಂದು ರೂಪಕ್ಕೆ ಸ್ಪಿಯರ್‌ಮಿಂಟ್‌ನ ಪರಿಮಳ, ಇನ್ನೊಂದಕ್ಕೆ ಕ್ಯಾರವೇ ಬೀಜದ್ದು. ನಮ್ಮ ಸಬ್ಬಸಿಗೆಯ ಬೀಜದಲ್ಲಿರುವುದೂ ಈ ಎರಡನೆಯ ರೂಪವೇ. ನೆದರ್ಲೆಂಡಿನವರು 1990ರ ದಶಕದಲ್ಲಿಯೇ ಕ್ಯಾರವೇ ಬೀಜದ ಕಾರ್ವೋನನ್ನು ಆಲೂಗಡ್ಡೆಯ ಮೊಳಕೆ ತಡೆಯಲು ಮಾರುಕಟ್ಟೆಗೆ ತಂದಿದ್ದರು. ಆದರೆ ಇದು ಮೂಲತಃ ಪ್ರಯೋಗಾಲಯದ ಬುದ್ಧಿಯಲ್ಲ. ಆಲೂಗಡ್ಡೆಯ ತವರಾದ ಆಂಡಿಸ್ ಪರ್ವತಗಳ ರೈತರು ಮುನ್ಯಾ ಎಂಬ, ಪುದೀನದ ಕುಟುಂಬಕ್ಕೇ ಸೇರಿದ ಸೊಪ್ಪನ್ನು ಗಡ್ಡೆಗಳ ನಡುವೆ ಹರಡಿ ಮೊಳಕೆಯನ್ನೂ ಹುಳುಗಳನ್ನೂ ದೂರವಿಡುವ ಪದ್ಧತಿಯನ್ನು ತಲೆಮಾರುಗಳಿಂದ ಬಲ್ಲರು.

ಸಹಜ ವಸ್ತುವೆಂದಮೇಲೆ ಸುಲಭವಿರಬೇಕು ಎಂದು ನಾವು ಭಾವಿಸುವುದುಂಟು. ಇಲ್ಲಿ ಅದು ತಲೆಕೆಳಗು. ಕ್ಲೋರ್‌ಪ್ರೊಫಾಮ್ ಅಂಟಿಕೊಂಡು ಉಳಿಯುತ್ತಿತ್ತು. ಪುದೀನದ ಎಣ್ಣೆ ಆರಿಹೋಗುತ್ತದೆ. ತಿನ್ನುವವರಿಗೆ ವರವಾದ ಈ ಗುಣವೇ ಬೆಳೆದವನಿಗೆ ಹೊರೆ. ತೆರೆದ ಕಣ್ಣುಗಳನ್ನು ಅದು ಸುಡುತ್ತದೆ, ಆದರೆ ಕೆಲವು ವಾರಗಳಲ್ಲಿ ಪಕ್ಕದ ಕಣ್ಣು ಏಳುತ್ತದೆ. ಮತ್ತೆ ಹೊಗೆ ಹಾಕಬೇಕು. ಪ್ರತಿ ಸಲವೂ ಖರ್ಚು, ಅದೂ ಹಳೆಯ ಮದ್ದಿಗಿಂತ ಹಲವು ಪಟ್ಟು. ಉಗ್ರಾಣದ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕಿದ್ದರೂ ದುಬಾರಿ ಎಣ್ಣೆ ಗಾಳಿಗೆ ಹೋಗುತ್ತದೆ. ಕಿತ್ತಳೆ ಸಿಪ್ಪೆಯ ಎಣ್ಣೆಯೂ ಬಳಕೆಯಲ್ಲಿದೆ, ಆದರೆ ಅದರಲ್ಲಿರುವ ಲಿಮೊನೀನ್‌ನ ಆವಿ ಸುಮಾರು 50 ಡಿಗ್ರಿಗೇ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು. ಪರಿಮಳವೆಂದು ಮೈಮರೆಯುವಂತಿಲ್ಲ.

ನಾನು ಹೋಗಿಬರುವ ಹೊಲಗಳಲ್ಲಿ ಒಬ್ಬ ಹಿರಿಯ ರೈತರಿದ್ದಾರೆ. ಅವರ ಉಗ್ರಾಣ ತಂದೆಯ ಕಾಲದ್ದು. ತಗಡಿನ ಹೊದಿಕೆ, ಸಡಿಲ ಬಾಗಿಲು. ನಿಷೇಧ ಬಂದ ವರ್ಷ ಅವರ ಮುಂದೆ ಎರಡೇ ದಾರಿಗಳಿದ್ದವು: ಅಗೆದ ಕೂಡಲೇ ಸಿಕ್ಕಿದ ಬೆಲೆಗೆ ಮಾರುವುದು, ಇಲ್ಲವೇ ಸಾಲ ಮಾಡಿ ಕಟ್ಟಡವನ್ನು ಸರಿಪಡಿಸುವುದು. ಅವರು ಎರಡನೆಯದನ್ನು ಆರಿಸಿಕೊಂಡರು. ಬಿರುಕು ಮುಚ್ಚಿಸಿ, ಫ್ಯಾನು ಬದಲಿಸಿ, ದಶಕಗಳಿಂದ ಹಳೆಯ ರಾಸಾಯನಿಕವನ್ನು ಕುಡಿದಿದ್ದ ಕಾಂಕ್ರೀಟ್ ನೆಲವನ್ನು ತೊಳೆಸಿದರು. ಏಕೆಂದರೆ ಮದ್ದು ನಿಂತ ಮೇಲೂ ನೆಲದಿಂದ ಅದರ ಉಳಿಕೆ ಹೊಸ ಬೆಳೆಗೆ ತಗಲುತ್ತದೆ. ಮೊದಲು ತಿಂಗಳಿಗೊಮ್ಮೆ ಉಗ್ರಾಣಕ್ಕೆ ಹೋಗುತ್ತಿದ್ದವರು ಈಗ ವಾರಕ್ಕೆರಡು ಬಾರಿ ಟಾರ್ಚ್ ಹಿಡಿದು ಹೋಗಿ ಪೆಟ್ಟಿಗೆಗಳಿಂದ ಗಡ್ಡೆ ಆಯ್ದು ಕಣ್ಣುಗಳನ್ನು ಪರೀಕ್ಷಿಸುತ್ತಾರೆ. ಮಗ ಈ ಕಸುಬನ್ನು ಮುಂದುವರಿಸುವನೋ ಇಲ್ಲವೋ ಅವರಿಗೆ ತಿಳಿಯದು. ಆದರೂ ಉಗ್ರಾಣವನ್ನು ಓದುವುದನ್ನು ಮಾತ್ರ ಅವನಿಗೆ ಕಲಿಸುತ್ತಿದ್ದಾರೆ.

ಹಾಸನದ ಕಡೆ ನಮಗೆ ಬೇಕಾದುದು ಇದಕ್ಕೆ ವಿರುದ್ಧವಾದುದು. ಅಲ್ಲಿ ಮುಂಗಾರಿಗೆ ಮುನ್ನ ಪಂಜಾಬಿನ ಜಲಂಧರ್‌ನಿಂದ ಬಿತ್ತನೆ ಗಡ್ಡೆ ಬರುತ್ತದೆ. ಶೀತಲಗೃಹದಿಂದ ಹೊರತೆಗೆದ ಗಡ್ಡೆ ಚೆನ್ನಾಗಿ ಮೊಳೆತರೆ ರೈತನ ಮುಖ ಅರಳುತ್ತದೆ, ಮೊಳೆಯದಿದ್ದರೆ ಜಗಳ. ಬಿತ್ತನೆ ಗಡ್ಡೆಗೆ ಮೊಳಕೆ ಸುಡುವ ಹೊಗೆ ಬೇಡ. ಆದುದರಿಂದ ಇಲ್ಲಿ ಉಣ್ಣುವ ಗಡ್ಡೆಯನ್ನೂ ಬಿತ್ತುವ ಗಡ್ಡೆಯನ್ನೂ ಒಂದೇ ಸೂರಿನಡಿ ಇಡುವುದಿಲ್ಲ.

ಇದನ್ನು ಓದಿ ಮನೆಯ ಆಲೂಗಡ್ಡೆ ಬುಟ್ಟಿಗೆ ಅಂಗಡಿಯ ಸುಗಂಧ ತೈಲದ ಹನಿ ಹಾಕುವ ಉತ್ಸಾಹ ಯಾರಿಗಾದರೂ ಬಂದರೆ, ಬೇಡವೆನ್ನುತ್ತೇನೆ. ತೆರೆದ ಅಡುಗೆಮನೆಯಲ್ಲಿ ಎಣ್ಣೆ ನಿಲ್ಲುವುದಿಲ್ಲ; ಗಾಢವಾದ ಎಣ್ಣೆ ನೇರವಾಗಿ ತಗುಲಿದರೆ ಸಿಪ್ಪೆ ಸುಡುತ್ತದೆ, ಪಲ್ಯ ಹಲ್ಲುಪುಡಿಯ ವಾಸನೆ ಬೀರುತ್ತದೆ. ಕತ್ತಲೆ, ತಂಪು, ಗಾಳಿಯಾಡುವ ಕಾಗದದ ಚೀಲ, ಎರಡು ವಾರಕ್ಕೆ ಸಾಲುವಷ್ಟೇ ಖರೀದಿ, ಇಷ್ಟು ಸಾಕು. ಗಟ್ಟಿಯಾಗಿರುವ ಗಡ್ಡೆಯ ಸಣ್ಣ ಮೊಳಕೆಯನ್ನು ಆಳವಾಗಿ ಕೆತ್ತಿ ತೆಗೆದು ಬಳಸಬಹುದು. ಹಸಿರಾದುದನ್ನು, ಸುಕ್ಕಾದುದನ್ನು, ಕಹಿಯಾದುದನ್ನು ಎಸೆಯುವುದೇ ಲೇಸು.

ಮುಂದಿನ ಬಾರಿ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಅಂಗಡಿಯಲ್ಲಿ ನುಣುಪಾದ ಆಲೂಗಡ್ಡೆ ಕಂಡಾಗ ಅದು ಹೊಲದಿಂದ ಬಂದು ಆರೇಳು ತಿಂಗಳಾಗಿದೆಯೆಂದು ನೆನೆಯಿರಿ. ಅಷ್ಟು ದಿನ ಯಾರೋ ಅದರ ನಿದ್ರೆಯನ್ನು ಕಾದಿದ್ದಾರೆ. ಮದ್ದು ಬದಲಾಗಿದೆ, ಕಾವಲು ಮಾತ್ರ ಹೆಚ್ಚಾಗಿದೆ.